ಬೂದಿ ಬಣ್ಣದ ಅರಳೆ

ಡುಲೂತಿನಲ್ಲಿ ಜನವರಿ. ಹೊರಗೆ ಹಗ್ಗ ಕಟ್ಟಿ
ಹರವಿದರೆ ಅಂಗಿ ಹಲಗೆಯಾಗುತ್ತದೆ,
ತೋಳು ಮಡಿಸಿದರೆ ಲಟಕ್ಕೆಂದು ಮುರಿದೀತು.
ಹಾಗಾಗಿ ನೆಲಮಾಳಿಗೆಯ ಡ್ರೈಯರೇ ನಮ್ಮ ಬಿಸಿಲು.

ಆ ಬಿಸಿಲಿಗೆ ಈಚೆಗೆ ಹುಷಾರಿರಲಿಲ್ಲ.
ನಲವತ್ತು ನಿಮಿಷದ ಕೆಲಸಕ್ಕೆ ಎರಡು ತಾಸು,
ಆಮೇಲೂ ಬಕ್ಕೇಶನ ಕಾಲುಚೀಲದ ತುದಿ ತೇವ,
ಮುಟ್ಟಿದರೆ ತಗಡು ಮಾತ್ರ ಕಾದ ಹೆಂಚು.
ಒಂದು ರಾತ್ರಿ, ಸಣ್ಣಗೆ, ಕಮಟು ವಾಸನೆ.

ಮನೆ ಮಾಲೀಕ ಟೊಲೆಫ್ಸನ್ ಬಂದ,
ಎಪ್ಪತ್ತೆಂಟು, ಕಿವಿಗೆ ಯಂತ್ರ, ಕೈಗೆ ಡ್ರಿಲ್ಲು,
ಡ್ರಿಲ್ಲಿನ ಮೂತಿಗೆ ಮಾರುದ್ದದ ಬ್ರಷ್ಷು.
ಪ್ಲಗ್ ಕಿತ್ತ. ಹಟ ಹಿಡಿದ ಎಮ್ಮೆಯನ್ನು ಎಳೆದಂತೆ
ಡ್ರೈಯರನ್ನು ಗೋಡೆಯಿಂದ ಈಚೆಗೆಳೆದ.
ಹಿಂದಿನ ಕೊಳವೆ ಪ್ಲಾಸ್ಟಿಕ್ಕಿನದು, ಸುಕ್ಕುಸುಕ್ಕು.
"ಇದನ್ನು ಹಾಕಿದ ಕತ್ತೆ ಯಾರು?" ಎಂದು ಗದರಿ
ತಾನೇ ತಲೆ ಕೆರೆದುಕೊಂಡ.

ಬ್ರಷ್ಷು ಒಳಹೋಯಿತು, ತಿರುಗಿತು,
ಹೊರಬಂತು ನೋಡಿ
ಹಾವಿನ ಪೊರೆಯಂಥ ಬೂದಿ ಬಣ್ಣದ ಉದ್ದ.
ಮಡಿಲಲ್ಲಿಟ್ಟು ಹಿಂಜಿದೆ, ಹಳೆಯ ಅಭ್ಯಾಸ.
ಈ ಕೆಂಪು ನನ್ನ ಮೊದಲ ಚಳಿಗಾಲದ ಸ್ವೆಟರು.
ಈ ಕಂದು ನಾಯಿಯ ಕೂದಲು; ನಾವು ನಾಯಿ ಸಾಕಿಲ್ಲ.
ಇನ್ನೂ ಒಳಗೆ ಎಳೆಹಳದಿ, ಕೂಸಿನ ಕಂಬಳಿಯ ನಯ.
ನಮಗೂ ಮುಂಚೆ ಇಲ್ಲಿ ಯಾರೋ ಕೂಸಾಡಿಸಿದ್ದಾರೆ.
ಟೊಲೆಫ್ಸನ್ನಿಗೆ ಹೆಸರು ನೆನಪಿಲ್ಲ.
"ನರ್ಸು, ಒಬ್ಬಳೇ ಇದ್ದಳು. ಬಾಡಿಗೆ ತಪ್ಪಿಸಲಿಲ್ಲ."
ತಗಡಿನ ಗಟ್ಟಿ ಕೊಳವೆ ಕೂರಿಸಿದ, ಆದಷ್ಟೂ ನೆಟ್ಟಗೆ.

ಅರಳೆ ನನಗೆ ಹೊಸದಲ್ಲ.
ದಾವಣಗೆರೆಯಲ್ಲಿ ಅವ್ವ ಜಿನ್ನಿಂಗಿಗೆ ಹೋಗುತ್ತಿದ್ದಳು.
ಸಂಜೆ ಬಂದಾಗ ರೆಪ್ಪೆಯ ಮೇಲೆ ಬೆಳ್ಳನೆಯ ಎಳೆ,
ಹುಬ್ಬಿನಲ್ಲಿ, ಮೂಗುತಿಯ ಸಂದಿಯಲ್ಲಿ;
ಮೂವತ್ತಕ್ಕೇ ಮುದುಕಿಯಾಗಿ ಬಚ್ಚಲಿಗೆ ಹೋಗಿ
ಮತ್ತೆ ಹರೆಯದವಳಾಗಿ ಹೊರಬರುತ್ತಿದ್ದಳು.
ಗೇಟಿನಲ್ಲಿ ವಾಚ್‌ಮನ್ ಎಲ್ಲರ ಜೇಬು ತಡವುತ್ತಿದ್ದನಂತೆ,
ಬೀಡಿ, ಕಡ್ಡಿಪೆಟ್ಟಿಗೆ ಹೊರಗೆ.
ಹೆಂಗಸರ ಎಲೆಅಡಿಕೆ ಚೀಲವನ್ನೂ ಬಿಡುತ್ತಿರಲಿಲ್ಲ.
"ಅರಳೆ ಉರಿಯಲ್ಲ ಕಣೆ, ಹಾರ್ತತೆ,"
ಅನ್ನುತ್ತಿದ್ದಳು ಅವ್ವ, ರೊಟ್ಟಿ ಮಗುಚುತ್ತ.

ಈಗ ನನಗೂ ಒಂದು ಗೇಟು: ಅಂಗೈ ಅಗಲದ ಜಾಲರಿ.
ಪ್ರತಿ ಸಲ ಬಟ್ಟೆ ಹಾಕುವ ಮುಂಚೆ ಎಳೆದು ತಡವುತ್ತೇನೆ.
ಬೆರಳು ಒದ್ದೆ ಮಾಡಿ ಮೂಲೆಯಿಂದ ಒತ್ತಿದರೆ
ದೋಸೆ ಎದ್ದ ಹಾಗೆ ಇಡಿಯಾಗಿ ಏಳುತ್ತದೆ.
ಆಗಾಗ ನಲ್ಲಿಯ ಕೆಳಗೆ ಹಿಡಿಯುವುದು;
ನೀರು ಸೋರಿಹೋದರೆ ಸರಿ, ನಿಂತುಬಿಟ್ಟರೆ
ಕಣ್ಣಿಗೆ ಕಾಣದ ಮೇಣ ಕಟ್ಟಿದೆ, ಆ ಪರಿಮಳದ ಹಾಳೆಗಳದು.
ಸೋಪು, ಹಲ್ಲುಜ್ಜಿ ಸವೆದ ಬ್ರಷ್ಷು.
ಆಮೇಲೆ ಬೂಟು ಹಾಕಿ ಹಿತ್ತಿಲಿಗೆ ಹೋಗಿ
ಹೊರಗೋಡೆಯ ಮುಚ್ಚಳದ ಮುಂದಿನ ಹಿಮ ಕೆದಕಿ
ಉಸಿರಾಡುತ್ತಿದೆಯೇ ಎಂದು ಅಂಗೈ ಒಡ್ಡಿ ನೋಡುವುದು.
ಅದು ತಿರುಗುವಷ್ಟು ಹೊತ್ತು ಮನೆ ಬಿಡುವುದಿಲ್ಲ, ಮಲಗುವುದಿಲ್ಲ.
ತೊಟ್ಟಿಲು ಕಾದಂತೆ ಕಾಯ್ತೀಯ, ಎಂದು ಬಕ್ಕೇಶ ನಕ್ಕ,
ನಕ್ಕು ಸುಮ್ಮನಾದ.

ಶನಿವಾರ ಟೊಲೆಫ್ಸನ್ ಬಾಗಿಲು ತಟ್ಟುತ್ತಾನೆ.
ಕೂಡಿಟ್ಟದ್ದನ್ನು ಡಬ್ಬಿ ತುಂಬ ಕೊಡುತ್ತೇನೆ.
ಮೊಟ್ಟೆ ತಟ್ಟೆಯ ಗುಳಿಗಳಿಗೆ ತುರುಕಿ, ಮೇಣ ಸುರಿದು,
ಹೆಪ್ಪುಗಟ್ಟಿದ ಕೆರೆಯ ಮೇಲಿನ ತನ್ನ ಮೀನು ಗುಡಿಸಲಲ್ಲಿ
ಒಲೆ ಹೊತ್ತಿಸುತ್ತಾನಂತೆ. ಒಂದೇ ಕಡ್ಡಿ ಸಾಕಂತೆ.
ಹತ್ತಿ ಟವೆಲಿನದು ಮಾತ್ರ, ಎಂದು ಕಟ್ಟಪ್ಪಣೆ ಬೇರೆ.

ಮೊನ್ನೆ ಅವನು ಹೋದ ಮೇಲೆ ನೋಡಿಕೊಂಡೆ,
ಒಂದು ಚೂರು ನನ್ನಲ್ಲೇ ಉಳಿದಿತ್ತು.
ಮಾತಿನ ನಡುವೆ ಅಂಗೈಯಲ್ಲಿ ಹೊಸೆದು ಹೊಸೆದು
ಬತ್ತಿ ಮಾಡಿಬಿಟ್ಟಿದ್ದೆ.
ದೇವರ ಮುಂದೆ ಇಡುವಂಥದ್ದಲ್ಲ,
ಯಾರ ಯಾರದೋ ಮೈಯದು, ನಾಯಿಯದೂ ಇರಬಹುದು.
ಕಸದಬುಟ್ಟಿಗೂ ಹಾಕಲಿಲ್ಲ.
ಕಿಟಕಿ ಕಟ್ಟೆಯ ಮೇಲೆ,
ಕಡ್ಡಿಪೆಟ್ಟಿಗೆಯಿಂದ ದೂರ,
ಇದೆ.